ಆನೆ ಕುಣೀತಿಲ್ಲ ಕಣ್ರೀ

ವೀಕೆಂಡ್‌ಗೆ ಕುಶಾಲನಗರದ ಕಡೆ ಹೋದವರೆಲ್ಲ ದುಬಾರೆಯಲ್ಲಿ ಕಾವೇರಿ ದಾಟಿ, ಸಾಕಾನೆ ಜೊತೆ ಸೆಲ್ಫಿ ತೆಗೆದುಕೊಂಡು ಬರ್ತಾರೆ. ಹತ್ತು ನಿಮಿಷ ಫೋನ್ ಜೇಬಲ್ಲಿಟ್ಟು ಆನೆಯನ್ನೇ ನೋಡಿ.

ಕಿವಿಯ ಮೇಲಂಚು ಮಡಚಿಕೊಂಡು, ಸೊಂಡಿಲ ಬುಡದಲ್ಲಿ ಗುಲಾಬಿ ಚುಕ್ಕೆ ಹರಡಿದ್ದರೆ ವಯಸ್ಸಾಗಿದೆ ಅಂತ. ಕಿವಿ ಬೀಸೋದು ಮೈ ತಂಪಾಗಲಿ ಅಂತ. ಬೀಸುತ್ತಿದ್ದದ್ದು ತಟ್ಟನೆ ನಿಂತರೆ ಏನನ್ನೋ ಆಲಿಸ್ತಿದೆ. ಗಂಡಾನೆಯ ಕಣ್ಣು–ಕಿವಿ ನಡುವೆ ಎಣ್ಣೆ ಸುರಿದಂತೆ ಕಪ್ಪು ಗೆರೆ ಇಳಿದಿದೆಯಾ? ಮದ ಬಂದಿದೆ. ಆಗ ಮಾವುತನೇ ಹುಷಾರಾಗಿರ್ತಾನೆ, ನಿಮ್ಮ ರೀಲ್ಸ್ ಯಾವ ಲೆಕ್ಕ!

ನನ್ನ ತಕರಾರು ಬೇರೆ. ಕಟ್ಟಿಹಾಕಿದ ಆನೆ ನಿಂತಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತೆ. ‘ಡ್ಯಾನ್ಸ್!’ ಅಂತ ಮಕ್ಕಳು ಚಪ್ಪಾಳೆ ತಟ್ಟಿದರೆ ಅಪ್ಪ ಅಮ್ಮ ವಿಡಿಯೋ ಮಾಡ್ತಾರೆ. ಅದು ಖುಷಿಯಲ್ಲ. ಸುಮಾರು 150 ಕೆ.ಜಿ. ಮೇವಿಗಾಗಿ ದಿನದ ಬಹುಪಾಲು ಅಲೆಯುವ ಪ್ರಾಣಿಯನ್ನು ಸರಪಳಿಯಲ್ಲಿ ನಿಲ್ಲಿಸಿದಾಗ ಅಂಟಿಕೊಳ್ಳುವ ಚಟ. ಕಾಡಾನೆಗಳಲ್ಲಿ ಇದು ಕಾಣೋದಿಲ್ಲ. ಅಂಟಿದ ಮೇಲೆ ಸರಪಳಿ ಬಿಚ್ಚಿದರೂ ಸುಲಭಕ್ಕೆ ಬಿಡಲ್ಲ.

ಹಾಗಂತ ಶಿಬಿರಗಳನ್ನೇ ಬೈಯೋಕಾಗಲ್ಲ. ಕಾಫಿ ತೋಟಕ್ಕೆ ನುಗ್ಗಿ ಸೆರೆಯಾದ ಆನೆಗಳು ಇಲ್ಲಿಗೇ ಬರ್ತವೆ. ದಸರೆಯಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಅಭಿಮನ್ಯು ಇಲ್ಲೇ ಕೊಡಗಿನ ಮತ್ತಿಗೋಡು ಶಿಬಿರದವನು. ಇಂಥ ಶಿಬಿರಗಳಲ್ಲಿ ರಾತ್ರಿ ಆನೆಗಳನ್ನು ಕಾಡಿಗೆ ಮೇಯೋಕೆ ಬಿಡ್ತಾರೆ, ಕಾಲಲ್ಲಿ ಉದ್ದ ಸರಪಳಿ ಎಳೆದುಕೊಂಡೇ. ಬೆಳಿಗ್ಗೆ ಕಾವಾಡಿಗಳು (ಬಹಳಷ್ಟು ಜನ ಜೇನುಕುರುಬರು) ಮಣ್ಣಲ್ಲಿ ಸರಪಳಿ ಎಳೆದ ಗೆರೆ ಹಿಡಿದು ಹುಡುಕಿ ತರ್ತಾರೆ. ಆಮೇಲೆ ನದಿ ಸ್ನಾನ, ರಾಗಿ ಮುದ್ದೆ, ಬೆಲ್ಲ. ಆ ಹೊತ್ತಲ್ಲಿ ತಲೆ ತೂಗುವ ಆನೆ ಎಷ್ಟಿವೆ, ಎಣಿಸಿ ನೋಡಿ.