ಸಂತೆಯಲ್ಲಿ ಸಜ್ಜೆ, ಮನೆಯಲ್ಲಿ ಹಸಿವು

ಸಮುದ್ರತೀರವಿಲ್ಲದ ಪಶ್ಚಿಮ ಆಫ್ರಿಕದ ನೈಜರ್ ದೇಶದಲ್ಲಿ ಸಜ್ಜೆಯೇ ಜನರ ಮುಖ್ಯ ಆಹಾರ. ಅಲ್ಲಿ ವರ್ಷಕ್ಕೊಂದೇ ಮಳೆಗಾಲ. ಹೊಸ ಬೆಳೆ ಕೈಸೇರುವ ಮುನ್ನವೇ ಬಡವರ ಕಣಜ ಬರಿದಾಗುತ್ತದೆ. 2004ರಲ್ಲಿ ಮಳೆ ಬೇಗನೆ ನಿಂತಿತು. ಮಿಡತೆಗಳು ಹಲವೆಡೆ ಪೈರನ್ನೂ ಮೇವನ್ನೂ ತಿಂದವು. ಆದರೂ 2005ರ ಸಂಕಟಕ್ಕೆ ಬೆಳೆನಷ್ಟವೊಂದೇ ಕಾರಣವಾಗಿರಲಿಲ್ಲ. ಸಂತೆಗಳಲ್ಲಿ ಧಾನ್ಯವಿತ್ತು, ಬೆಲೆ ಮಾತ್ರ ಬಡವರ ಕೈಗೆಟುಕದಷ್ಟು ಏರಿತ್ತು. ದನಕರು ಮಾರಿದವರಿಗೆ ದೊರೆತದ್ದು ಅಲ್ಪ ಹಣ. ಸರ್ಕಾರವು ಮೊದಲಿಗೆ ಕಡಿಮೆ ದರದಲ್ಲಿ ಧಾನ್ಯ ಮಾರಿತೇ ವಿನಾ ಉಚಿತವಾಗಿ ಹಂಚಲು ಒಪ್ಪಲಿಲ್ಲ. ಹೊರನಾಡುಗಳ ನೆರವೂ ತಡವಾಯಿತು. ಅಷ್ಟರಲ್ಲಿ ಮರಾಡಿ ಪ್ರಾಂತದ ಚಿಕಿತ್ಸಾ ಕೇಂದ್ರಗಳು ಸೊರಗಿದ ಹಸುಳೆಗಳಿಂದ ತುಂಬಿದ್ದವು.

ಬರಗಾಲವನ್ನು ಅಳೆಯುವಾಗ ಮಳೆಯೊಡನೆ ಬಡವರ ಕೊಳ್ಳುವ ಶಕ್ತಿಯನ್ನೂ ಲೆಕ್ಕಿಸಬೇಕು. ಬೆಲೆ ಏರತೊಡಗಿದಾಗಲೇ ನೆರವು ಹೊರಡಬೇಕು. ಮಕ್ಕಳು ಸೊರಗುವ ತನಕ ಕಾಯುವುದು ಯಾರಿಗೂ ತರವಲ್ಲ.