ಆಕಾಶದ ಲೆಕ್ಕವೂ ಅಂಗಳದ ಮಳೆಮಾಪಕವೂ

ಮಳೆಯ ಲೆಕ್ಕ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಸಿಗುವಾಗ ತೋಟದಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆದುಕೊಳ್ಳುವ ಕಷ್ಟವೇಕೆ, ರೋಣ, ನರಗುಂದ, ಗಜೇಂದ್ರಗಡದ ಕಡೆಯ ಬಯಲಿಗೆ ಸಾಕಾಗುವ ಲೆಕ್ಕ ನಮಗೇಕೆ ಸಾಲದು ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವುದು ನಮ್ಮ ಕರ್ತವ್ಯ.

ಅಮೆರಿಕದ ನಾಸಾ ಸಂಸ್ಥೆ ‘ಪವರ್’ ಎಂಬ ಯೋಜನೆಯ ಮೂಲಕ 1981ರಿಂದೀಚಿನ ದಿನವಹಿ ಮಳೆ, ಉಷ್ಣಾಂಶ, ಗಾಳಿಯ ಅಂಕಿಗಳನ್ನು ಇಡೀ ಭೂಮಂಡಲಕ್ಕೆ ಉಚಿತವಾಗಿ ಒದಗಿಸುತ್ತಿದೆ. ನ್ಯೂಜಿಲೆಂಡಿನ ಆಕ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು ರೂಪಿಸಿದ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯೂ ಉಚಿತವೇ. ಅದನ್ನು ಬಲ್ಲವರು ಊರಿನ ಅಕ್ಷಾಂಶ, ರೇಖಾಂಶ, ತಾರೀಖು ಬರೆದರೆ ಅಷ್ಟೇ ಲೆಕ್ಕ ಬಂದು ಬೀಳುತ್ತದೆ. ಕಣಜವನ್ನೇ ಹೊತ್ತು ತರಬೇಕಿಲ್ಲ. ಬೇಕಾದಷ್ಟು ಸೇರು ಅಳೆದುಕೊಂಡರೆ ಸಾಕು.

ಆದರೆ ಅದು ಆ ಊರಿನಲ್ಲಿ ಅಳೆದ ಮಳೆಯಲ್ಲ. ಉಪಗ್ರಹ ಮತ್ತಿತರ ವೀಕ್ಷಣೆಗಳಿಂದ ಕಟ್ಟಿದ, ಒಂದು ದೊಡ್ಡ ಚೌಕಕ್ಕೆ ಸೇರಿದ ಅಂದಾಜು. ಚೌಕ ಉತ್ತರ-ದಕ್ಷಿಣವಾಗಿ ಅರ್ಧ ಡಿಗ್ರಿ, ಅಂದರೆ ಸುಮಾರು 55 ಕಿಲೋಮೀಟರು. ಪೂರ್ವ-ಪಶ್ಚಿಮವಾಗಿ ಇನ್ನೂ ತುಸು ಹೆಚ್ಚು. ಗದಗ ಜಿಲ್ಲೆಯ ಆ ಮೂರೂ ಊರುಗಳು ಹೆಚ್ಚುಕಡಿಮೆ 15.7 ಅಕ್ಷಾಂಶದ ಒಂದೇ ಗೆರೆಯ ಮೇಲಿದ್ದು, ಎರಡು ಚೌಕಗಳೊಳಗೆ ಮುಗಿಯುತ್ತವೆ. ಗಜೇಂದ್ರಗಡದ ಗುಡ್ಡ ಬಿಟ್ಟರೆ ಬಹುಪಾಲು ಎರೆಭೂಮಿಯ ಬಯಲು. ಒಂದು ಹೊಲಕ್ಕೆ ಬಿದ್ದ ಮಳೆ ಪಕ್ಕದ ಹೊಲಕ್ಕೆ ಬೀಳದಿರುವುದು ಅಲ್ಲೂ ಉಂಟು. ಆದರೂ ಯಾವ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರಿ ಬಿತ್ತನೆಗೆ ಹಸಿ ಇತ್ತೇ ಎಂಬ ಸ್ಥೂಲ ಲೆಕ್ಕಕ್ಕೆ ಅದು ಆದೀತು.

ಮಲೆನಾಡಿನ ಮಾತೇ ಬೇರೆ. ಆಗುಂಬೆಯ ವಾರ್ಷಿಕ ಮಳೆ 7,000 ಮಿಲಿಮೀಟರು ಮೀರುತ್ತದೆ. 30 ಕಿಲೋಮೀಟರಿನೊಳಗಿರುವ ತೀರ್ಥಹಳ್ಳಿಯಲ್ಲಿ ಅದರರ್ಧವೂ ಇಲ್ಲ. ಈ ಎರಡೂ ಊರು, ಜೊತೆಗೆ ಘಟ್ಟದ ಕೆಳಗಿನ ಉಡುಪಿಯೂ ಒಂದೇ ಚೌಕದಲ್ಲಿವೆ! ಆ ಅಂಕಿಯನ್ನು ಯಾರ ತೋಟದ ಮಳೆಯೆಂದು ನಂಬುವುದು?

ಇದು ಬರಿಯ ಕುತೂಹಲದ ವಿಷಯವಲ್ಲ. ಕಾಫಿಗೆ ಹೂಮಳೆ ಅರ್ಧ ಇಂಚು ಬಿತ್ತೋ ಒಂದು ಇಂಚೋ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕುವ ನಿರ್ಧಾರ ನಿಂತಿದೆ. ಅಡಿಕೆಗೆ ಎರಡನೆಯ ಬಾರಿ ಬೋರ್ಡೋ ಹೊಡೆಯುವುದು ಮಳೆಯ ಬಿಡುವನ್ನು ನೋಡಿ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಹಣ ಪಂಚಾಯತಿಯ ಮಳೆಮಾಪಕದ ಲೆಕ್ಕದ ಮೇಲೆ ಬರುತ್ತದೆ. ಆ ಮಾಪಕ ಗುಡ್ಡದ ಆಚೆಗಿದ್ದು ನಮ್ಮ ತೋಟ ಈಚೆಗಿದ್ದರೆ, ತಕರಾರು ಹೇಳಲು ಬರೆದಿಟ್ಟ ಪುಸ್ತಕವಾದರೂ ಕೈಯಲ್ಲಿರಬೇಡವೇ?

ಹಾಗೆಂದು ದೂರದ ಲೆಕ್ಕವನ್ನು ತಳ್ಳಿಹಾಕುವುದು ಜಾಣತನವಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳ ದಿನವಹಿ ಅಂಕಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಅದನ್ನೂ ನಮ್ಮ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರೆ, ನಮ್ಮ ತೋಟದ ಮಟ್ಟಿಗೆ ಅದು ಎಷ್ಟು ಹೆಚ್ಚು ಕಡಿಮೆ ಹೇಳುತ್ತದೆಂದು ತಿಳಿಯುತ್ತದೆ. ಆಗಲೇ ಅದರಿಂದ ನಿಜವಾದ ಪ್ರಯೋಜನ.

ಆದ್ದರಿಂದ ಸದಸ್ಯರು ತಮ್ಮ ಹಳೆಯ ಮಳೆ ಪುಸ್ತಕಗಳನ್ನು ಸಂಘದ ಕಚೇರಿಗೆ ತರಬೇಕೆಂದು ಕೋರುತ್ತೇವೆ. ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ. ಇಂಚು-ಸೆಂಟಿನಲ್ಲಿದ್ದರೂ ಚಿಂತೆಯಿಲ್ಲ, ಇಂಚಿಗೆ 25.4 ಮಿಲಿಮೀಟರಿನಂತೆ ಬದಲಿಸಿಕೊಳ್ಳಬಹುದು. ‘ಆರ್’ ಕಲಿತ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡುವ ರೂಢಿಯನ್ನಂತೂ ಯಾರೂ ಬಿಡಬಾರದು.