ಹಳೇ ಆರ್ಗನ್ನಿಗೆ ಜಾತಕ ನೋಡುವವರು

“ಉಚಿತ. ಸಾಗಿಸುವ ಖರ್ಚು ನಿಮ್ಮದು. ಚರ್ಚುಗಳಿಗೆ ಮಾತ್ರ.”

ಅಮೆರಿಕದ ಸಣ್ಣ ಊರುಗಳ ಚರ್ಚುಗಳು ತಮ್ಮ ಹಳೇ ಎಲೆಕ್ಟ್ರಾನಿಕ್ ಆರ್ಗನ್ನನ್ನು ಯಾರಿಗಾದರೂ ದಾಟಿಸಬೇಕು ಅಂತ ಹಾಕುವ ಜಾಹೀರಾತುಗಳು ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಮೊದಲ ಎರಡು ಸಾಲಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಮೂರನೇ ಸಾಲು ಕಂಡರೆ ಮೈ ಉರಿಯುತ್ತೆ. ಇವತ್ತು ಬರೆಯೋಕೆ ಕೂತಿದ್ದು ಅದಕ್ಕೇ.

“ಆರ್ಗನ್ನಿಗೂ ನಿಮಗೂ ಏನು ಸಂಬಂಧ ಸ್ವಾಮಿ?” ಅಂತ ನೀವು ಕೇಳಬಹುದು. ಹೊರದೇಶದಲ್ಲಿರುವ ಕನ್ನಡಿಗರಿಗೆ ಗೊತ್ತು, ನಮ್ಮ ಯುಗಾದಿ, ರಾಜ್ಯೋತ್ಸವ ಎಲ್ಲಾ ನಡೆಯೋದು ಯಾವುದೋ ಶಾಲೆಯಲ್ಲಿ, ಇಲ್ಲಾ ಚರ್ಚಿನ ಬಾಡಿಗೆ ಹಾಲಿನಲ್ಲಿ. ನಮ್ಮೂರ ಸಂಘಕ್ಕೆ ಸಿಕ್ಕಿದ್ದು ಒಂದು ಚರ್ಚಿನ ನೆಲಮಾಳಿಗೆ. ಅಲ್ಲಿ ಬಿಸಿಬೇಳೆಬಾತಿನ ಪಾತ್ರೆ ಇಡುವ ಮೇಜಿನ ಪಕ್ಕದಲ್ಲೇ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಒಂದು ಆರ್ಗನ್ ಎರಡು ವರ್ಷ ಬಿದ್ದಿತ್ತು. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲು ಅದೇನು ವಸ್ತು ಅಂತ ಹೇಳಿಬಿಡಬೇಕು. ಆರ್ಗನ್ ಅಂದರೆ ನಮಗೆ ಆರ್ಕೆಸ್ಟ್ರಾದವರು ಕಂಕುಳಲ್ಲಿ ಹಿಡ್ಕೊಂಡು ಬರುವ ಕೀಬೋರ್ಡು ನೆನಪಾಗುತ್ತೆ. ಇದು ಹಾಗಲ್ಲ. ಗಾಡ್ರೆಜ್ ಬೀರು ಮಲಗಿಸಿದ ಹಾಗಿರುವ ಮರದ ಪೆಟ್ಟಿಗೆ. ಒಂದರ ಮೇಲೊಂದು ಎರಡು ಕೀಲಿಮಣೆ, ಒಂದೊಂದರಲ್ಲೂ 61 ಕೀಲಿ. ಕೆಳಗೆ ಕಾಲಿಗೆ ಅಂತ 32 ಉದ್ದನೆಯ ಮರದ ಪಟ್ಟಿಗಳ ಪೆಡಲ್‌ಬೋರ್ಡು. ಎರಡೂ ಕೈ ಮೇಲೆ ಓಡಾಡುತ್ತಿರುವಾಗ ಎರಡೂ ಕಾಲು ಕೆಳಗೆ ಮಂದ್ರದ ಸ್ವರಗಳನ್ನು ನುಡಿಸುತ್ತಿರಬೇಕು, ಅದೂ ಕೆಳಗೆ ನೋಡದೆ. ಈ ಪೆಡಲ್‌ಬೋರ್ಡನ್ನು ನೆನಪಿಟ್ಟುಕೊಳ್ಳಿ, ನನ್ನ ಜಗಳ ಪೂರ್ತಿ ಅದರ ಮೇಲೇ ನಿಂತಿದೆ.

ದೊಡ್ಡ ಚರ್ಚುಗಳಲ್ಲಿ ಗಾಳಿ ಊದಿ ನುಡಿಸುವ ಪೈಪ್ ಆರ್ಗನ್ ಇರುತ್ತದಲ್ಲ, ಅದನ್ನು ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಚರ್ಚುಗಳಿಗಾಗಿ ಹುಟ್ಟಿದ್ದು ಎಲೆಕ್ಟ್ರಾನಿಕ್ ಆರ್ಗನ್. 1935ರಲ್ಲಿ ಲಾರೆನ್ಸ್ ಹ್ಯಾಮಂಡ್ ಮೋಟಾರಿನಿಂದ ತಿರುಗುವ ಲೋಹದ ಚಕ್ರಗಳಿಂದ ಸ್ವರ ಹುಟ್ಟಿಸುವ ಆರ್ಗನ್ ಮಾರಾಟಕ್ಕಿಟ್ಟ. ಪೈಪ್ ಆರ್ಗನ್ನಿಗೆ ಇದು ಸಮ ಅಂತ ಜಾಹೀರಾತು ಕೊಟ್ಟಿದ್ದಕ್ಕೆ ಫೆಡರಲ್ ಟ್ರೇಡ್ ಕಮಿಷನ್ ಅವನ ಕಂಪನಿಯನ್ನು ಹಿಡಿದು ವಿಚಾರಿಸಿ, 1938ರಲ್ಲಿ ಹಾಗೆಲ್ಲ ಹೇಳಬೇಡಿ ಅಂತ ತೀರ್ಪು ಕೊಟ್ಟಿತು. ಅಂದರೆ ಹುಟ್ಟಿದಾಗಿನಿಂದಲೂ ಈ ವಾದ್ಯಕ್ಕೆ ಎರಡನೇ ದರ್ಜೆ. ಪೆನ್ಸಿಲ್ವೇನಿಯಾದ ಅಲೆನ್ ಕಂಪನಿ 1939ರಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ಆರ್ಗನ್ ತಂದಿತು. 1971ರಲ್ಲಿ ಅದೇ ಅಲೆನ್ ನಾರ್ತ್ ಅಮೆರಿಕನ್ ರಾಕ್ವೆಲ್ ಜೊತೆ ಸೇರಿ ಡಿಜಿಟಲ್ ಆರ್ಗನ್ ಮಾಡಿತು. ಅಪೋಲೋ ನೌಕೆ ಕಟ್ಟಿಕೊಟ್ಟ ರಾಕ್ವೆಲ್ ಕಣ್ರೀ! ಎಪ್ಪತ್ತರ ದಶಕದ ಆ ಅಲೆನ್ ಆರ್ಗನ್ನುಗಳಲ್ಲಿ ಹೊಸ ನಾದ ಬೇಕಾದರೆ ರಂಧ್ರ ಹೊಡೆದ ಕಾರ್ಡು ತೂರಿಸಬೇಕಿತ್ತು. ಪಂಚ್ ಕಾರ್ಡಿನಲ್ಲಿ ಫೋರ್ಟ್ರಾನ್ ಬರೆದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಕಣ್ಣಲ್ಲಿ ನೀರು ಬರಬೇಕು :-)

ಇರಲಿ. ಇಂಥ ಆರ್ಗನ್ನುಗಳಿಗೆ ಈಗ ವಯಸ್ಸಾಗಿದೆ. ಕೆಪಾಸಿಟರ್‌ಗಳು ಒಣಗುತ್ತವೆ, ಕೀಲಿಗಳ ಕೆಳಗಿನ ಸಂಪರ್ಕ ತಂತಿಗಳು ಕಿಲುಬು ಹಿಡಿಯುತ್ತವೆ, ಸ್ಪೀಕರ್ ಕೋನಿನ ಅಂಚು ಪುಡಿಯಾಗುತ್ತೆ. ಚರ್ಚು ಮುಚ್ಚುತ್ತದೆ, ಇಲ್ಲಾ ಗಿಟಾರು-ಡ್ರಮ್ಸ್ ಬರುತ್ತದೆ, ಇಲ್ಲಾ ಹೊಸ ಡಿಜಿಟಲ್ ಆರ್ಗನ್ ಬರುತ್ತದೆ. ಹಳೆಯದು ಹೊರಗೆ. ಈಗ ಲೆಕ್ಕ ಹಾಕಿ. ಕೊಡಲು ನಿಂತವರೆಲ್ಲಾ ಚರ್ಚಿನವರು. ತಗೊಳ್ಳಲು ಅರ್ಹರು ಅಂತ ಇವರು ಬರೆದದ್ದೂ ಚರ್ಚಿನವರನ್ನೇ. ಯಾವ ಕಾರಣಕ್ಕೆ ಇವರಿಗೆ ಬೇಡವಾಯಿತೋ ಅದೇ ಕಾರಣಕ್ಕೆ ಪಕ್ಕದ ಊರಿನವರಿಗೂ ಬೇಡವಾಗಿದೆ. ಮಗಳಿಗೆ ನಮ್ಮ ಕೇರಿಯ ಹುಡುಗನೇ ಬೇಕು ಅಂತ ಹಠ ಹಿಡಿದವರು, ಆ ಕೇರಿಯಲ್ಲಿ ಹುಡುಗರೇ ಇಲ್ಲ ಅನ್ನೋದನ್ನು ನೋಡುವುದಿಲ್ಲ.

ಹಾಗಾದರೆ ಬೇಕಾಗಿರೋದು ಯಾರಿಗೆ? ಆರ್ಗನ್ ಕಲಿಯುವ ಮಕ್ಕಳಿಗೆ. ಪಿಯಾನೋ ಕಲಿಯುವವರಿಗೆ ಮನೆಯಲ್ಲಿ ಪಿಯಾನೋ ಇರುತ್ತೆ, ವೀಣೆ ಕಲಿಯುವವರಿಗೆ ವೀಣೆ. ಆರ್ಗನ್ ಕಲಿಯುವವರು ಕಾಲಿನ ಅಭ್ಯಾಸಕ್ಕೆ ಎಲ್ಲಿಗೆ ಹೋಗಬೇಕು? ಚರ್ಚಿನ ಬೀಗದ ಕೈ ಇಟ್ಟುಕೊಂಡವರನ್ನು ಕಾಡಿಬೇಡಿ, ಮದುವೆ, ಶವಸಂಸ್ಕಾರ, ಯೋಗ ಕ್ಲಾಸು ಇಲ್ಲದ ಹೊತ್ತು ನೋಡಿಕೊಂಡು, ಹೀಟರ್ ಹಾಕದ ಹಾಲಿನಲ್ಲಿ ಜನವರಿಯ ಚಳಿಯಲ್ಲಿ ಬೆರಳು ಉಜ್ಜಿಕೊಳ್ಳುತ್ತಾ ನುಡಿಸಬೇಕು. ಈ ಪಾಡು ಹೊಸದೇನಲ್ಲ. ಬಾಖ್‌ನ ಕಾಲದಲ್ಲಿ ಚರ್ಚಿನ ಆರ್ಗನ್ ನುಡಿಸಬೇಕಾದರೆ ತಿದಿ ಒತ್ತಲು ಇನ್ನೊಬ್ಬ ಆಳು ಬೇಕಿತ್ತು, ಚಳಿ ಅಂತೂ ಇದ್ದೇ ಇತ್ತು. ಅದಕ್ಕೇ ಆಗಿನ ವಾದಕರು ಪೆಡಲ್ ಜೋಡಿಸಿದ ಕ್ಲಾವಿಕಾರ್ಡ್ ಮನೆಯಲ್ಲಿಟ್ಟುಕೊಂಡು ಸಾಧನೆ ಮಾಡುತ್ತಿದ್ದರು. ಹಳೇ ಎಲೆಕ್ಟ್ರಾನಿಕ್ ಆರ್ಗನ್ ಈಗ ಮಾಡಬಹುದಾದ ಕೆಲಸ ಅದೇ. ಪೆಡಲ್‌ಬೋರ್ಡಿನ ಅಳತೆ ದೊಡ್ಡ ಆರ್ಗನ್ನಿನದೇ. ವಾಲ್ಯೂಮ್ ತಗ್ಗಿಸಬಹುದು. ಹೆಡ್‌ಫೋನ್ ಹಾಕಿಕೊಂಡರೆ ಕೆಳಗಿನ ಮನೆಯವರು ಪೊಲೀಸರನ್ನು ಕರೆಯುವುದಿಲ್ಲ. “ಇದರ ನಾದ ಸತ್ತುಹೋಗಿದೆ, ಭಾನುವಾರದ ಪೂಜೆಗೆ ಸಾಲದು” ಅಂತೀರಾ? ಸಾಧನೆಗೆ ಸಾಕು. ಮೃದಂಗದ ಹುಡುಗರು ಮೇಜು ಬಡಿದೇ ಕೋರ್ವೆ ಗಟ್ಟಿ ಮಾಡಿಕೊಳ್ಳೋದಿಲ್ಲವೇ?

ಒಳಗಿನ ಎಲೆಕ್ಟ್ರಾನಿಕ್ಸ್ ಪೂರ್ತಿ ಸತ್ತಿದ್ದರೂ ಕಥೆ ಮುಗಿಯುವುದಿಲ್ಲ. 1983ರಲ್ಲಿ ಬಂದ ಮಿಡಿ ಅನ್ನೋ ಪದ್ಧತಿಯಿಂದ ಕೀಲಿ ಒತ್ತಿದ ಸುದ್ದಿಯನ್ನು ಕಂಪ್ಯೂಟರಿಗೆ ಕಳಿಸಬಹುದು. ಹಳೇ ಬೋರ್ಡುಗಳನ್ನು ಕಿತ್ತು, ಕೀಲಿಮಣೆ ಮತ್ತು ಪೆಡಲ್ಲುಗಳಿಗೆ ಒಂದು ಮಿಡಿ ಬೋರ್ಡು ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಗ್ರ್ಯಾಂಡ್‌ಆರ್ಗ್ ಅನ್ನೋ ಮುಕ್ತ ತಂತ್ರಾಂಶ ಹಾಕಿದರೆ ಮುಗೀತು. ಯುರೋಪಿನ ಹಳೇ ಚರ್ಚುಗಳ ಪೈಪ್ ಆರ್ಗನ್ನುಗಳನ್ನು ಒಂದೊಂದು ಪೈಪಿನಂತೆ ರೆಕಾರ್ಡ್ ಮಾಡಿಟ್ಟಿದ್ದಾರೆ, ಆ ನಾದ ನಿಮ್ಮ ಮನೆಯ ಗ್ಯಾರೇಜಿನಲ್ಲಿ. ಹಣ ಕೊಡುವವರಿಗೆ ಹೌಪ್ಟ್‌ವರ್ಕ್ ಇದೆ. ಸೋಲ್ಡರಿಂಗ್ ಹುಚ್ಚು ಇರುವ ಇಂಜಿನಿಯರುಗಳು ಇಂಥದ್ದಕ್ಕೆ ಹಸಿದು ಕೂತಿರುತ್ತಾರೆ. ಆದರೆ ಅವರು ಚರ್ಚಲ್ಲವಲ್ಲ!

ಈಗ ನೆಲಮಾಳಿಗೆಯ ಕಥೆ. ಆ ಚರ್ಚಿನ ಕಮಿಟಿಯ ಹಿರಿಯರೊಬ್ಬರು, ನಾನು ಕಂಪ್ಯೂಟರ್ ಕೆಲಸದವನು ಅಂತ ಗೊತ್ತಾಗಿ ಆರ್ಗನ್ ನೋಡಿ ಅಂತ ಕರೆದರು. (ಸಾಫ್ಟ್‌ವೇರಿನವರಿಗೆ ಪ್ರಿಂಟರು, ಟಿವಿ, ಮೈಕ್ರೋವೇವು ಎಲ್ಲಾ ರಿಪೇರಿ ಬರುತ್ತೆ ಅನ್ನೋ ನಂಬಿಕೆ ಎಲ್ಲಾ ದೇಶದಲ್ಲೂ ಇದೆ.) ಸ್ವಿಚ್ ಹಾಕಿದೆ, ನುಡಿಯಿತು. ನಾಲ್ಕೈದು ಕೀಲಿ ಮೂಕ, ಒಂದು ಸ್ಪೀಕರ್ ಗೊರಗೊರ, ಪೆಡಲ್‌ಬೋರ್ಡು ಅಚ್ಚುಕಟ್ಟು. ಸಂಗೀತ ಕಾಲೇಜಿನಲ್ಲಿ ಆರ್ಗನ್ ಓದುತ್ತಿದ್ದ ಒಬ್ಬ ಹುಡುಗಿ ಜಾಹೀರಾತು ನೋಡಿ ಬಂದಳು. ವ್ಯಾನು, ಎತ್ತಲು ನಾಲ್ಕು ಜನ, ಇಡಲು ಅತ್ತೆ ಮನೆಯ ಗ್ಯಾರೇಜು, ಎಲ್ಲಾ ಗೊತ್ತುಮಾಡಿಕೊಂಡಿದ್ದಳು. ಕಮಿಟಿ ಕೂತು ಯೋಚಿಸಿ, ಇಲ್ಲಮ್ಮ ಅಂದಿತು. ಪ್ರಾರ್ಥನೆಗೆ ಅರ್ಪಿಸಿದ ವಸ್ತು ಗ್ಯಾರೇಜಿನಲ್ಲಿರೋದು ಸರಿಯಲ್ಲ, ಯೋಗ್ಯವಾದ ಚರ್ಚು ಸಿಗುವವರೆಗೆ ಕಾಯೋಣ. ಕಾದರು. ಎರಡನೇ ಚಳಿಗಾಲದಲ್ಲಿ ನೆಲಮಾಳಿಗೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು. ಪೆಡಲ್‌ಬೋರ್ಡು ಮುಳುಗಿ ಉಬ್ಬಿ ಬಿರಿಯಿತು. ಆಮೇಲೆ ಗರಗಸ ತಂದು ಕೊಯ್ದು, ಬಾಡಿಗೆಯ ಕಸದ ಡಬ್ಬಕ್ಕೆ ಹಾಕಿದರು. ಗ್ಯಾರೇಜು ಅಗೌರವ, ಡಬ್ಬ ಗೌರವ. ಇದು ಯಾವ ನ್ಯಾಯ ಮಾರಾಯ್ರೆ?

ಅವರು ಕೊಟ್ಟ ಕಾರಣಗಳನ್ನು ನಾನು ತಳ್ಳಿಹಾಕುತ್ತಿಲ್ಲ, ಒಂದೊಂದಾಗಿ ಕೇಳಿದ್ದೀನಿ. ಆರ್ಗನ್ ಮೇಲೆ ಒಂದು ಹಿತ್ತಾಳೆ ಫಲಕ ಇತ್ತು, ಯಾರೋ ತಮ್ಮ ತಾಯಿಯ ನೆನಪಿಗೆ ಕೊಟ್ಟದ್ದು ಅಂತ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಬರದಷ್ಟು ದಪ್ಪಗೆ ದಾನಿಗಳ ಹೆಸರು ಬರೆಸುತ್ತಾರಲ್ಲ, ಆ ಪೈಕಿ. ದಾನಿಯ ಮನಸ್ಸು ನೋಯಬಾರದು, ಒಪ್ಪಿದೆ. ನಾಲ್ಕು ಸ್ಕ್ರೂ ಬಿಚ್ಚಿ ಫಲಕವನ್ನು ಆ ಮನೆಯವರ ಕೈಗೆ ಕೊಡಿ, ಆರ್ಗನ್ ಒಬ್ಬ ವಿದ್ಯಾರ್ಥಿನಿಯ ಹತ್ತಿರ ಹೋಗುತ್ತಿದೆ ಅಂತ ಹೇಳಿ. ಬೇಡ ಅನ್ನುವ ಮಕ್ಕಳು ಎಷ್ಟು ಜನ ಇದ್ದಾರು? ಇನ್ನೊಬ್ಬರು ಕಾನೂನು ಹೇಳಿದರು. ತೆರಿಗೆ ವಿನಾಯಿತಿ ಇರುವ ಸಂಸ್ಥೆ ತನ್ನ ಆಸ್ತಿಯನ್ನು ತನ್ನವರಿಗೆ ಹಂಚಿಬಿಡುವಂತಿಲ್ಲ, ನಿಜ. ಹೊರಗಿನವರಿಗೆ ನ್ಯಾಯವಾದ ಬೆಲೆಗೆ ಮಾರಲು ಏನು ಅಡ್ಡಿ? ಹಳೇ ಫ್ರಿಜ್ಜು, ಮಡಚುವ ಕುರ್ಚಿಗಳನ್ನು ಮಾರಲಿಲ್ಲವೇ? ಈ ವಾದ್ಯದ ಮಾರುಕಟ್ಟೆ ಬೆಲೆ ಸೊನ್ನೆಗೆ ಹತ್ತಿರ, ಒಂದು ರಸೀದಿ ಹರಿದರೆ ಲೆಕ್ಕ ಸರಿಹೋಗುತ್ತೆ. ಕೊನೆಗೆ ಖಜಾಂಚಿ ಅಂದರು, ಆ ಕಾಲದಲ್ಲಿ ಇದಕ್ಕೆ ಒಂದು ಕಾರಿನ ಬೆಲೆ ಕೊಟ್ಟಿದ್ದೆವು ಅಂತ. ಕೊಟ್ಟಿರಬಹುದು. ಆ ಕಾರು ಈಗ ಎಲ್ಲಿದೆ ಸ್ವಾಮಿ?

ನನಗೆ ಹೆಚ್ಚು ಸಿಟ್ಟು ತರಿಸಿದ ಸಲಹೆ ಇನ್ನೊಂದಿದೆ. “ನಿಮ್ಮ ಇಂಡಿಯಾದಲ್ಲಿ ಬಡ ಚರ್ಚುಗಳು ಇರುತ್ತವಲ್ಲ, ಅಲ್ಲಿಗೆ ಕಳಿಸಿದರೆ?” ಕೇಳಿದವರು ಒಳ್ಳೆಯ ಮನಸ್ಸಿನವರೇ. ಆದರೆ ತನಗೆ ಬೇಡವಾದ ಕೂಡಲೇ ಬಡವರ ನೆನಪಾಗುವ ಒಳ್ಳೆಯತನ ಅದು. ಇನ್ನೂರು ಕಿಲೋ ಪೆಟ್ಟಿಗೆ ಹಡಗಿನಲ್ಲಿ ಹೋಗಬೇಕು, ಸುಂಕದ ಕಟ್ಟೆ ದಾಟಬೇಕು. ಇಲ್ಲಿನ ಕರೆಂಟು 120 ವೋಲ್ಟು, 60 ಹರ್ಟ್ಸ್. ಅಲ್ಲಿನದು 230 ವೋಲ್ಟು, 50 ಹರ್ಟ್ಸ್. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತೆ, ಹರ್ಟ್ಸನ್ನು ಯಾರು ಏರಿಸುತ್ತಾರೆ? ಹಳೇ ಚಕ್ರದ ಹ್ಯಾಮಂಡ್ ಆಗಿದ್ದರಂತೂ ಅದರ ಮೋಟಾರು ಕರೆಂಟಿನ ಹರ್ಟ್ಸಿಗೆ ತಕ್ಕ ಹಾಗೇ ತಿರುಗುವುದು. 50ಕ್ಕೆ ಹಾಕಿದರೆ ಇಡೀ ವಾದ್ಯದ ಶ್ರುತಿ, ಷಡ್ಜದಿಂದ ಸಾಧಾರಣ ಗಾಂಧಾರ ಎಷ್ಟು ದೂರವೋ ಅಷ್ಟು ಕೆಳಗಿಳಿಯುತ್ತೆ. ಇನ್ನು ಕರಾವಳಿಯ ಮಳೆಗಾಲದ ತೇವಕ್ಕೆ ಆ ಸಂಪರ್ಕ ತಂತಿಗಳು ಎಷ್ಟು ವರ್ಷ ಬಾಳುತ್ತವೆ? ಕೆಟ್ಟರೆ ಆ ಕಾಲದ ಚಿಪ್ಪು ಎಲ್ಲಿ ಸಿಗುತ್ತೆ? ಮಂಗಳೂರು ಕಡೆಯ ಹಳ್ಳಿ ಚರ್ಚಿನ ಹುಡುಗ ಒಂದು ಯಮಹಾ ಕೀಬೋರ್ಡನ್ನು ಸ್ಕೂಟರಿನಲ್ಲಿ ತಂದು ಕೊಂಕಣಿ, ಕನ್ನಡ ಹಾಡುಗಳಿಗೆಲ್ಲ ಚೆನ್ನಾಗಿ ನುಡಿಸುತ್ತಾನೆ. ಅವನಿಗೆ ಇದು ಉಡುಗೊರೆ ಹೇಗಾಗುತ್ತೆ? ಜಾಗ ತಿನ್ನುವ ಸಾಮಾನು, ಕೊಟ್ಟವರು ಬಂದು ನೋಡಿಯಾರು ಅಂತ ಬಿಸಾಡುವ ಹಾಗೂ ಇಲ್ಲ.

ಇಂಡಿಯಾದಿಂದ ಕಲಿಯಬೇಕಾದದ್ದು ಬೇರೆ ಇದೆ, ಅದನ್ನು ಆ ಕಮಿಟಿಯವರಿಗೂ ಹೇಳಿದೆ. ಪ್ಯಾರಿಸ್ಸಿನ ದೆಬೇನ್ 1840ರಲ್ಲಿ ಹಾರ್ಮೋನಿಯಂ ಅನ್ನೋ ಹೆಸರಿನಲ್ಲಿ ಪೇಟೆಂಟ್ ಪಡೆದ. ಪೈಪ್ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳಲ್ಲಿ ಆಗ ನುಡಿಯುತ್ತಿದ್ದದ್ದು ಅಂಥ ಕಾಲಿಂದ ತುಳಿಯುವ ಪೆಟ್ಟಿಗೆಗಳು. ಮಿಷನರಿಗಳ ಜೊತೆ ಅವು ನಮ್ಮ ಕಡೆಗೂ ಬಂದವು. ಆಮೇಲೆ ಎಲೆಕ್ಟ್ರಾನಿಕ್ ಆರ್ಗನ್ ಬಂದು ಅಲ್ಲಿ ಅವುಗಳನ್ನು ಮೂಲೆಗೆ ತಳ್ಳಿತು. ಇಲ್ಲಿ ಏನಾಯಿತು? ಕಲ್ಕತ್ತಾದಲ್ಲಿ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ಹಾಗೆ ಮಾಡಿದ. ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳು ಕಾಲು ಪೆಟ್ಟಿಗೆಯನ್ನೇ ರಂಗದ ಮುಂದೆ ಇಟ್ಟುಕೊಂಡವು. ಭಜನೆ ಮನೆಗೆ ಹೋಯಿತು, ಕೀರ್ತನೆಗೆ ಹೋಯಿತು, ಧಾರವಾಡದ ಬೈಠಕ್ಕಿಗೆ ಹೋಯಿತು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟರೂ ಮನೆಗಳು ಬಿಡಲಿಲ್ಲ. ಇದು ಚರ್ಚಿನ ವಸ್ತು, ಚರ್ಚಿಗೆ ಮಾತ್ರ ಅಂತ ಯಾರಾದರೂ ಅವತ್ತು ಬೋರ್ಡು ಹಾಕಿದ್ದರೆ ನಮ್ಮ ರಂಗಗೀತೆಗಳ ಗತಿ ಏನಾಗುತ್ತಿತ್ತೋ.

ಹಾಗಂತ ನಾವೇನೂ ಸಾಚಾಗಳಲ್ಲ. ತೀರಿಹೋದ ಅಜ್ಜಿಯ ವೀಣೆಯನ್ನು ಷೋಕೇಸಿನಲ್ಲಿಟ್ಟು, ಆಯುಧಪೂಜೆಯ ದಿನ ಕುಂಕುಮ ಹಚ್ಚಿ, ಕಲಿಯುವ ಪಕ್ಕದ ಮನೆ ಹುಡುಗಿ ಕೇಳಿದರೆ “ಅಯ್ಯೋ, ಅದು ಅಜ್ಜಿಯದ್ದಮ್ಮ” ಅನ್ನುವವರು ಬೆಂಗಳೂರಿನಲ್ಲೂ ಬೇಕಾದಷ್ಟಿದ್ದಾರೆ. ಅವರಿಗೆ ಬೇರೆ ಪೋಸ್ಟು ಬರೀತೀನಿ.

ಈಗ ಕೆಲಸದ ಮಾತು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಚರ್ಚಿನ ಹಾಲ್ ಬಾಡಿಗೆ ಹಿಡಿದು ಹಬ್ಬ ಮಾಡುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಮೂಲೆಯಲ್ಲಿ ಬಟ್ಟೆ ಹೊದ್ದ ಪೆಟ್ಟಿಗೆ ಕಂಡರೆ ಬಟ್ಟೆ ಎತ್ತಿ ನೋಡಿ. ಕಂಪನಿ ಹೆಸರು, ಮಾಡೆಲ್ ನಂಬರು, ಪೆಡಲ್ಲುಗಳ ಒಂದು ಫೋಟೋ ತಗೊಳ್ಳಿ. ಹತ್ತಿರದ ಸಂಗೀತ ಕಾಲೇಜಿಗೆ ಕಳಿಸಿ, ಆರ್ಗನ್ ಮೇಷ್ಟರುಗಳಿಗೆ ಕಳಿಸಿ. ಕಮಿಟಿಯವರ ಹತ್ತಿರ ಒಂದು ಗಡುವು ಕೇಳಿ, ಇಂಥ ತಿಂಗಳೊಳಗೆ ಚರ್ಚು ಸಿಗದಿದ್ದರೆ ಮೊದಲು ಬಂದವರಿಗೆ ಅಂತ. ಪೆಡಲ್‌ಬೋರ್ಡು ಬೇರೆಯಾಗಿ ಎತ್ತಲು ಬರುತ್ತೆ, ಪೆಟ್ಟಿಗೆಯನ್ನು ಅಡ್ಡ ತಿರುಗಿಸಿದರೆ ಬಾಗಿಲು ದಾಟುತ್ತೆ. ಮತ್ತೆ, ಅವಸರಕ್ಕೆ ಸ್ಪೀಕರಿನ ವೈರುಗಳನ್ನು ಕತ್ತರಿಸಬೇಡಿ ಅಂತ ಹೇಳಿ. ಒಂದೊಂದಕ್ಕೂ ಟೇಪು ಸುತ್ತಿ ನಂಬರು ಬರೆದು ಬಿಚ್ಚಲಿ.